ಬಲಿತ ಹುಲ್ಲಿನ ಸಕ್ಕರೆ

ಕೇಳುಗರಿಗೆ ನಮಸ್ಕಾರ.

ಎರಡನೇ ಮಹಾಯುದ್ಧದ ಕಾಲ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರ ಹತ್ತಿಬಟ್ಟೆಯ ಡೇರೆಗಳು ಕೊಳೆತು ಹರಿಯತೊಡಗಿದವು. ತಿನ್ನುತ್ತಿದ್ದುದು ಒಂದು ಬೂಷ್ಟು. ಸೇನೆಯ ಪ್ರಯೋಗಾಲಯದಲ್ಲಿ ಎಲ್ವಿನ್ ರೀಸ್, ಮೇರಿ ಮ್ಯಾಂಡೆಲ್ಸ್ ಮುಂತಾದವರು ಅದರ ಬೆನ್ನುಹತ್ತಿದರು. ರೀಸ್ ಅವರ ಗೌರವಾರ್ಥ ಅದಕ್ಕೆ ಟ್ರೈಕೋಡರ್ಮಾ ರೀಸಿಯೈ ಎಂದು ಹೆಸರಾಯಿತು. ಬಟ್ಟೆಯ ನಾರನ್ನು ಕರಗಿಸಲು ಅದು ಕಿಣ್ವಗಳನ್ನು ಸ್ರವಿಸುತ್ತದೆ. ಅಂದು ಡೇರೆಗಳ ಶತ್ರುವಾಗಿದ್ದ ಅದನ್ನು ಇಂದು ಆ ಕಿಣ್ವಗಳಿಗಾಗಿ ಕಾರ್ಖಾನೆಗಳೇ ಸಾಕುತ್ತವೆ.

ಹತ್ತಿಯಲ್ಲಿರುವ ಸೆಲ್ಯುಲೋಸ್ ಹುಲ್ಲಿನಲ್ಲೂ ಇದೆ. ಅದು ಗ್ಲೂಕೋಸ್ ಕಣಗಳ ಉದ್ದನೆಯ ಸರಪಳಿ. ಬಿಡಿಸಿದರೆ ಸಕ್ಕರೆ, ಹುದುಗಿಸಿದರೆ ಇಂಧನವಾಗಿ ಉರಿಸಬಹುದಾದ ಎಥನಾಲ್. ಉತ್ತರ ಅಮೆರಿಕದ ಬಯಲುಗಳ ಸ್ವಿಚ್‌ಗ್ರಾಸ್ ಎಂಬ ಹುಲ್ಲಿನ ಮೇಲೆ ಕಣ್ಣುಬಿದ್ದದ್ದು ಇದಕ್ಕಾಗಿಯೇ. ಒಮ್ಮೆ ಬೇರೂರಿದರೆ ಹತ್ತು ವರ್ಷವಾದರೂ ಕೊಯ್ಯುತ್ತಿರಬಹುದು. 2006ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ತಮ್ಮ ವಾರ್ಷಿಕ ಭಾಷಣದಲ್ಲೇ ಇದರ ಹೆಸರೆತ್ತಿದರು.

ಸರಪಳಿ ಬಿಡಿಸಲು ಒಂದೇ ಕಿಣ್ವ ಸಾಲದು. ಒಂದು ನಡುವೆ ಕತ್ತರಿಸುತ್ತದೆ. ಇನ್ನೊಂದು ತುದಿಯಿಂದ ಎರಡೆರಡು ಗ್ಲೂಕೋಸ್‌ಗಳ ಜೋಡಿಯನ್ನು ಕಳಚುತ್ತದೆ. ಮೂರನೆಯದು ಆ ಜೋಡಿಯನ್ನು ಒಡೆಯುತ್ತದೆ. ಮೂರನೆಯದು ಹಿಂದೆ ಬಿದ್ದರೆ ಜೋಡಿಗಳು ರಾಶಿಬಿದ್ದು ಎರಡನೆಯದರ ಕೆಲಸವನ್ನೇ ಕಟ್ಟಿಹಾಕುತ್ತವೆ. ಇವೆಲ್ಲ ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ತುಸು ಹುಳಿಯಾದ ನೀರಿನಲ್ಲಿ ನಡೆಯಬೇಕು.

ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಹತ್ತಿಯಲ್ಲಿಲ್ಲದ ತೊಡಕೊಂದು ಹುಲ್ಲಿನಲ್ಲಿದೆ: ಲಿಗ್ನಿನ್. ಸರಳುಗಳ ಸುತ್ತ ಸುರಿದ ಕಾಂಕ್ರೀಟಿನಂತೆ ಅದು ಸೆಲ್ಯುಲೋಸನ್ನು ಮುಚ್ಚಿರುತ್ತದೆ. ಸಾಲದ್ದಕ್ಕೆ ದುಬಾರಿ ಕಿಣ್ವವನ್ನು ತನಗೇ ಅಂಟಿಸಿಕೊಂಡು ವ್ಯರ್ಥಮಾಡುತ್ತದೆ. ಆದ್ದರಿಂದ ಮೊದಲು ಹುಲ್ಲನ್ನು ಆಮ್ಲದಲ್ಲೋ ಅಮೋನಿಯಾದಲ್ಲೋ ಒತ್ತಡದ ಹಬೆಯಲ್ಲೋ ಬೇಯಿಸಿ ಸಡಿಲಗೊಳಿಸಬೇಕು. ಖರ್ಚು ಏರುವುದು ಇಲ್ಲಿಯೇ.

ನಮ್ಮ ಹೈನುಗಾರರಿಗೆ ಇದು ಗೊತ್ತಿಲ್ಲದ್ದೇನಲ್ಲ. ನೇಪಿಯರ್ ಹುಲ್ಲು ಬಲಿತರೆ ಲಿಗ್ನಿನ್ ಹೆಚ್ಚಿ ಹಸು ಮೂತಿ ತಿರುಗಿಸುತ್ತದೆ, ಎಳೆಯದಿರುವಾಗಲೇ ಕೊಯ್ಯುತ್ತಾರೆ. ಇಂಧನದ ಬೆಳೆಗಾರನಿಗೆ ಆ ಅನುಕೂಲವಿಲ್ಲ. ಚಳಿ ಬಂದು ಹುಲ್ಲು ಒಣಗುವವರೆಗೆ ಕಾದರೆ ಸಾರಜನಕ ಬೇರಿಗೆ ಇಳಿದು ಮುಂದಿನ ವರ್ಷದ ಗೊಬ್ಬರ ಉಳಿಯುತ್ತದೆ. ಆದರೆ ಹುಲ್ಲು ಅಷ್ಟೂ ಬಲಿತಿರುತ್ತದೆ. ಹೊಲಕ್ಕೆ ಲಾಭವಾದದ್ದು ಕಾರ್ಖಾನೆಗೆ ನಷ್ಟ.

ಕಿಣ್ವವನ್ನು ಮಾತ್ರ ತಿದ್ದುತ್ತಾ ಕೂತರೆ ಸಾಲದು, ಹುಲ್ಲನ್ನೂ ತಿದ್ದಬೇಕು ಎಂಬುದು ನನ್ನ ಅನಿಸಿಕೆ. 2011ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದರಲ್ಲಿ ಸ್ವಿಚ್‌ಗ್ರಾಸ್‌ನ ಒಂದೇ ಜೀನ್‌ನ ಕೆಲಸವನ್ನು ತಗ್ಗಿಸಿ ಲಿಗ್ನಿನ್ ಕಡಿಮೆ ಮಾಡಲಾಯಿತು. ಎಥನಾಲ್ ಇಳುವರಿ ಮೊದಲಿಗಿಂತ ಶೇಕಡಾ 38ರವರೆಗೆ ಹೆಚ್ಚಾಯಿತು. ಬೇಕಾದ ಕಿಣ್ವವೂ ಬಹಳ ಇಳಿಯಿತು. ಇನ್ನು ಅಂತಹ ಹುಲ್ಲು ಗಾಳಿಮಳೆಗೆ ಮಲಗದೆ, ಕೀಟಕ್ಕೆ ತುತ್ತಾಗದೆ ಹತ್ತು ವರ್ಷ ನಿಲ್ಲಬೇಕು. ಅದನ್ನು ಹೇಳಬೇಕಾದದ್ದು ಹೊಲವೇ.

ನಮಸ್ಕಾರ.