ಟಿವಿ ಗೋಪುರಕ್ಕೆ ಗುಡ್ಡವೇ ಯಾಕೆ ಬೇಕು?

ಕೇಳುಗರಿಗೆ ನಮಸ್ಕಾರ. ಟಿವಿ ಪ್ರಸಾರದ ಇತಿಹಾಸ ಹೇಳಿ ಅಂತ ಕರೆದಿದ್ದಾರೆ. ಸಮಯ ಕಡಿಮೆ, ಹಾಗಾಗಿ ಒಂದೇ ಮಾತು ಹೇಳುತ್ತೇನೆ: ಎತ್ತರ.

ರೇಡಿಯೋದ ಮೀಡಿಯಂ ವೇವ್ ನೆಲ ಹಿಡಿದುಕೊಂಡು ದೂರ ಹೋಗುತ್ತದೆ. ಟಿವಿ ಅಲೆ ಹಾಗಲ್ಲ, ಹೆಚ್ಚುಕಮ್ಮಿ ನೇರ ಹೋಗುತ್ತದೆ. ಗೋಪುರದ ತುದಿಗೆ ನಿಮ್ಮ ಆಂಟೆನಾ ಕಾಣಬೇಕು, ಅಷ್ಟೇ. 100 ಮೀಟರ್ ಎತ್ತರದಿಂದ ಸುಮಾರು 40 ಕಿಲೋಮೀಟರ್ ಮುಟ್ಟಬಹುದು. 80 ಬೇಕಾದರೆ 200 ಮೀಟರ್ ಸಾಲದು, 400 ಬೇಕು! ಅದಕ್ಕೇ ಎಂಜಿನಿಯರುಗಳು ಗುಡ್ಡ ಹುಡುಕುವುದು.

ಬಿಬಿಸಿ ಹುಡುಕಿದ್ದು ಉತ್ತರ ಲಂಡನ್ನಿನ ಗುಡ್ಡದ ಮೇಲಿನ ಅಲೆಕ್ಸಾಂಡ್ರಾ ಪ್ಯಾಲೇಸ್. 1936ರ ನವೆಂಬರ್ 2ರಂದು ಅಲ್ಲಿಂದ ಪ್ರಸಾರ ಶುರುವಾಯಿತು. ಟಿವಿ ಸಂಶೋಧಕ ಬೇರ್ಡ್ ಅವರ 240 ಗೆರೆಯ ಚಿತ್ರ ಒಂದು ವಾರ, ಮಾರ್ಕೋನಿ-ಇಎಂಐ ಕಂಪನಿಯ 405 ಗೆರೆಯದು ಇನ್ನೊಂದು ವಾರ; ಗೆರೆ ಹೆಚ್ಚಿದ್ದಷ್ಟೂ ಚಿತ್ರ ಸ್ಪಷ್ಟ. ಕೆಲವೇ ತಿಂಗಳಲ್ಲಿ ಬೇರ್ಡ್ ಸೋತರು. ಅದಿರಲಿ, ನನಗೆ ಬಹಳ ಇಷ್ಟದ ಕತೆ ಮುಂದಿದೆ.

1939ರ ಸೆಪ್ಟೆಂಬರ್ 1ಕ್ಕೆ ಯುದ್ಧದ ಕಾರಣ ಟಿವಿ ನಿಂತಿತು. ಟ್ರಾನ್ಸ್‌ಮಿಟರ್ ಸುಮ್ನೆ ಕೂತಿತ್ತು. ಆಗ ಜರ್ಮನ್ ಬಾಂಬರುಗಳು ರಾತ್ರಿ ಹೊತ್ತು ದಾರಿ ಹಿಡಿಯಲು ಒಂದು ಉಪಾಯ ಮಾಡಿದ್ದವು. ನೆಲದ ಕೇಂದ್ರ ಸಂಕೇತ ಕಳಿಸುತ್ತದೆ, ವಿಮಾನ ಅದನ್ನು ವಾಪಸ್ ಕಳಿಸುತ್ತದೆ. ಹೋಗಿಬರಲು ಹಿಡಿದ ಸಮಯ ನೋಡಿ ವಿಮಾನ ಎಷ್ಟು ದೂರ ಇದೆ ಎಂದು ಲೆಕ್ಕ ಹಾಕುವುದು. ಆ ಅಲೆಗಳು ಇದ್ದದ್ದು ನಮ್ಮ ಟಿವಿ ಟ್ರಾನ್ಸ್‌ಮಿಟರಿನ ಆವರ್ತನ (ಫ್ರೀಕ್ವೆನ್ಸಿ) ಪಟ್ಟಿಯಲ್ಲೇ! 1941ರಲ್ಲಿ ಬ್ರಿಟಿಷರು ವಿಮಾನದ ಉತ್ತರವನ್ನು ನಡುವೆಯೇ ಹಿಡಿದು, ಅದೇ ಗುಡ್ಡದ ಮೇಲಿಂದ ಮತ್ತೆ ಬಿತ್ತರಿಸಿದರು. ಜರ್ಮನ್ನರ ಲೆಕ್ಕ ತಪ್ಪಿತು. ಮೊದಮೊದಲು ಶಕ್ತಿ ಕಡಿಮೆ ಇಟ್ಟಿದ್ದರು, ಅನುಮಾನ ಬರಬಾರದಲ್ವಾ? ತಗ್ಗಿನಲ್ಲಿದ್ದಿದ್ದರೆ ಇದು ಆಗುತ್ತಿತ್ತೇ? ಎತ್ತರ ಸ್ವಾಮಿ, ಎತ್ತರ!

ನಮ್ಮ ಕತೆಗೆ ಸಮಯವೇ ಉಳಿದಿಲ್ಲ. ಓಡಿಸಿಬಿಡುತ್ತೇನೆ. ದೆಹಲಿಯಲ್ಲಿ ಟಿವಿ ಶುರುವಾದದ್ದು 1959. ಬೆಂಗಳೂರಿಗೆ ಬಂದದ್ದು 1981ರ ನವೆಂಬರ್ 1. ಅದಕ್ಕೂ ಮೊದಲೇ, 1977ರಲ್ಲಿ, ಕಲಬುರಗಿಗೆ ಬಂದಿತ್ತು. ಇದನ್ನು ಹೇಳಿದರೆ ಬೆಂಗಳೂರಿನವರು ನಂಬುವುದೇ ಇಲ್ಲ. ಬಣ್ಣ 1982ರಲ್ಲಿ.

ಇನ್ನು ಮಲೆನಾಡಿನವರ ಹಳೆಯ ಪ್ರಶ್ನೆ: "ಬೂಸ್ಟರ್ ಹಾಕಿದ್ರೆ ಚಿತ್ರ ಬರ್ತಿತ್ತಾ ಸಾರ್?" ನೂರು ಸಲ ಹೇಳಿದ್ದೇನೆ. ನಡುವೆ ಗುಡ್ಡ ಅಡ್ಡ ನಿಂತು ಅಲೆಯೇ ಬರದಿದ್ದರೆ ಬೂಸ್ಟರ್ ಪಾಪ ಏನನ್ನು ದೊಡ್ಡದು ಮಾಡಬೇಕು? ಪರದೆ ಮೇಲಿನ ಚುಕ್ಕೆ ಜಾಸ್ತಿ ಆಗುತ್ತಿತ್ತು, ಅಷ್ಟೇ. ಆ ದುಡ್ಡಿಗೆ ಇನ್ನೆರಡು ಉದ್ದನೆ ಬಿದಿರು ತಂದು ಆಂಟೆನಾ ಮೇಲೆತ್ತಬೇಕಿತ್ತು. ನಮಸ್ಕಾರ.