ಶ್ರೀರಂಗಪಟ್ಟಣದ ಸ್ವಿಸ್ ಪಲ್ಟಣ

ನಾನು ನಿಂತಿರುವುದು ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ. ಪಕ್ಕದಲ್ಲೇ ಕಾವೇರಿ ಹರಿಯುತ್ತಿದೆ. ಮೈಸೂರು ಹೆದ್ದಾರಿ ಕೂಗಳತೆಯಲ್ಲಿದೆ. ಇಲ್ಲಿನ ಸುಮಾರು 300 ಗೋರಿಗಳೂ ಇಂಗ್ಲಿಷರವೇ ಎಂದು ನಾನು ಬಹಳ ಕಾಲ ನಂಬಿದ್ದೆ. ಆದರೆ ನೀವು ನೋಡುತ್ತಿರುವ ಈ ಸಾಲುಗಳ ನಡುವೆ, ಸ್ವಿಸ್ ಸೀಮೆಯಿಂದ ಬಂದು ಹಲವು ಖಂಡಗಳಲ್ಲಿ ದುಡಿದ ಡಿ ಮ್ಯೂರಾನ್ ರೆಜಿಮೆಂಟಿನವರೂ ಮಲಗಿದ್ದಾರೆ.

ಈ ಕಾಲಾಳು ಪಡೆಯನ್ನು ಕೌಂಟ್ ಶಾರ್ಲ್ ಡ್ಯಾನಿಯಲ್ ಡಿ ಮ್ಯೂರಾನ್ ಎಂಬಾತ 1781ರಲ್ಲಿ ಇಂದಿನ ಸ್ವಿಟ್ಜರ್ಲೆಂಡಿನ ನೂಶಾಟೆಲಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ. ಆಗ ನೂಶಾಟೆಲ್ ಪ್ರಷ್ಯದ ದೊರೆಯ ಅಧೀನದಲ್ಲಿತ್ತು ಎಂಬುದು ಬೇರೆ ಮಾತು. ಅಂದಿನ ಇಂಥ ಪಡೆಗಳಿಗೆ ಕರ್ನಲ್ಲನೇ ಒಡೆಯ. ಪಡೆಗೆ ಅವನದೇ ಹೆಸರು. ಸಿಪಾಯಿಗಳು ಸ್ವಂತ ಇಚ್ಛೆಯಿಂದ ಸೇರಿದವರೆಂದು ಬರೆಯುವುದುಂಟು, ಆದರೆ ರುಜು ಹಾಕಿದ ಮೇಲೆ ಯಾರ ಪರ ಹೋರಾಡಬೇಕೆಂಬುದನ್ನು ಅವರನ್ನು ಯಾರೂ ಕೇಳುತ್ತಿರಲಿಲ್ಲ.

1795ರಲ್ಲಿ ನಡೆದದ್ದು ಅದೇ. ಫ್ರೆಂಚರು ಹಾಲೆಂಡನ್ನು ಆಕ್ರಮಿಸಿದಾಗ, ಡಚ್ಚರ ಕೈಯಲ್ಲಿದ್ದ ಸಿಂಹಳದ ಮೇಲೆ ಇಂಗ್ಲಿಷರ ಕಣ್ಣು ಬಿತ್ತು; ಅಲ್ಲಿ ಕಾವಲಿಗಿದ್ದದ್ದು ಇದೇ ಪಡೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸಿನಲ್ಲಿ ಪ್ರಾಧ್ಯಾಪಕನಾಗಿದ್ದ ಹ್ಯೂ ಕ್ಲೆಗಾರ್ನ್ ಇಂಗ್ಲಿಷರ ಪರವಾಗಿ ನೂಶಾಟೆಲಿಗೆ ಹೋಗಿ, ಕೌಂಟನೊಂದಿಗೆ ಕರಾರು ಮಾಡಿಕೊಂಡು, ಅವನನ್ನು ಜೊತೆಗೇ ಕರೆದುಕೊಂಡು ಈಜಿಪ್ಟಿನ ದಾರಿಯಾಗಿ ಭಾರತಕ್ಕೆ ಬಂದ. ಕೊಲಂಬೊದಲ್ಲಿ ಪಡೆಯನ್ನು ನಡೆಸುತ್ತಿದ್ದ ಕೌಂಟನ ತಮ್ಮನಿಗೆ ಗುಟ್ಟಿನ ಪತ್ರ ಒಂದು ಚೀಸ್ ಗಡ್ಡೆಯೊಳಗೆ ಅಡಗಿ ಹೋಯಿತು ಎಂಬ ಕಥೆಯಿದೆ. ನಿಜವೋ ಸುಳ್ಳೋ, ಕೇಳಲು ಸೊಗಸಾಗಿದೆ. ಪಡೆ ಇಂಗ್ಲಿಷರ ಕಡೆಗೆ ಬಂತು, 1796ರ ಫೆಬ್ರವರಿಯಲ್ಲಿ ಕೊಲಂಬೊ ಶರಣಾಯಿತು.

ಹೀಗೆ ಒಡೆಯ ಬದಲಾಗದೆ ಇದ್ದಿದ್ದರೆ ಇವರು ನಮ್ಮೂರಿಗೆ ಬರುವ ಸಂದರ್ಭವೇ ಬರುತ್ತಿರಲಿಲ್ಲವೇನೋ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಮುತ್ತಿಗೆಯಲ್ಲಿ ಈ ರೆಜಿಮೆಂಟೂ ಇತ್ತು. ಕೋಟೆ ಬಿದ್ದ ಮೇಲೆ ಇವರ ಬಿಡಾರ ಪಟ್ಟಣದಲ್ಲೇ ಆಯಿತು. ಗೋರಿಗಳಲ್ಲಿ ಹೆಂಗಸರು, ಮಕ್ಕಳ ಹೆಸರುಗಳೂ ಇವೆ. ಇದು ಬರೀ ಯುದ್ಧದಲ್ಲಿ ಸತ್ತವರ ಜಾಗವಲ್ಲ, ಇಲ್ಲಿ ಸಂಸಾರ ಹೂಡಿದವರದ್ದೂ ಹೌದು. ಪಾಳುಬಿದ್ದಿದ್ದ ಈ ಸ್ಮಶಾನದ ಜೀರ್ಣೋದ್ಧಾರಕ್ಕೆ ಇತ್ತೀಚೆಗೆ ಮ್ಯೂರಾನ್ ವಂಶಸ್ಥರೇ ಕೈಜೋಡಿಸಿದರು.

1806ರಲ್ಲಿ ಭಾರತ ಬಿಟ್ಟ ಪಡೆ ಮೆಡಿಟರೇನಿಯನ್ ಕಡೆ ಕೆಲವು ವರ್ಷ ಕಳೆದು, 1813ರಲ್ಲಿ ಅಮೆರಿಕನ್ನರ ವಿರುದ್ಧದ ಯುದ್ಧಕ್ಕೆಂದು ಕೆನಡಾಕ್ಕೆ ಹೋಯಿತು. 1816ರಲ್ಲಿ ಅಲ್ಲಿಯೇ ವಿಸರ್ಜನೆಯಾಯಿತು. ಆದರೂ ಸಿಪಾಯಿಗಳಲ್ಲಿ ಹಲವರು ಬಂದೂಕು ಕೆಳಗಿಡಲಿಲ್ಲ. ಕೆನಡಾದ ರೆಡ್ ರಿವರ್ ನದಿಯ ತೀರದಲ್ಲಿ ವಸಾಹತು ಕಟ್ಟುತ್ತಿದ್ದ ಲಾರ್ಡ್ ಸೆಲ್ಕರ್ಕ್ ಅವರನ್ನು ಕರೆದೊಯ್ದ. ತುಪ್ಪಳ ವ್ಯಾಪಾರಿಗಳ ವಶಕ್ಕೆ ಹೋಗಿದ್ದ ಆ ವಸಾಹತಿನ ಕೋಟೆ ಫೋರ್ಟ್ ಡಗ್ಲಸನ್ನು 1817ರ ಜನವರಿಯ ಹಿಮದಲ್ಲಿ ಅವರು ಮರಳಿ ಗೆದ್ದರು. ಪ್ರತಿಫಲವಾಗಿ ಜಮೀನು ಸಿಕ್ಕಿತು. 1826ರಲ್ಲಿ ನದಿ ಉಕ್ಕಿ ಬಂದು ಅದೂ ಹೋಯಿತು. ಹೆಚ್ಚಿನವರು ದಕ್ಷಿಣಕ್ಕೆ, ಅಮೆರಿಕಕ್ಕೆ ಹೊರಟುಹೋದರು. ಅವರು ನೆಲೆಸಿದ್ದ ಸೇಂಟ್ ಬೋನಿಫೇಸ್ ಇಂದು ವಿನಿಪೆಗ್ ನಗರದ ಒಂದು ಬಡಾವಣೆ. ಜರ್ಮನ್ ಮಾತಿನ ಆ ಸಿಪಾಯಿಗಳ ಸಲುವಾಗಿಯೇ ಅಲ್ಲಿನ ಪಾದ್ರಿ ಜರ್ಮನರ ಸಂತನ ಹೆಸರನ್ನು ಅದಕ್ಕೆ ಇಟ್ಟಿದ್ದ.