ಚಾಪೆ ಮೇಲಿನ ಐದು ಪುಸ್ತಕ: ನಮ್ಮ ಓದುಗರ ಬಳಗಕ್ಕೆ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಆರಿಸಿದ ದಿನ

ಈ ಚಾಪೆ ಮೇಲೆ ಐದು ಪುಸ್ತಕ ಇದೆ, ನೋಡಿ. ಸಾಯಂಕಾಲ ಐದು ಗಂಟೆಗೆ ನಮ್ಮ ಬಳಗದವರು ಬರ್ತಾರೆ. ಅವರು ಹೊರಡೋ ಹೊತ್ತಿಗೆ ಇದರಲ್ಲಿ ಮೂರು ಆಯ್ಕೆ ಆಗಿರ್ಬೇಕು. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ತಿಂಗಳಿಗೊಂದು. ಈ ಸಲ ಎಲ್ಲಾ ಸೈನ್ಸ್ ಫಿಕ್ಷನ್ ಅಥವಾ ಫ್ಯಾಂಟಸಿನೇ. ಇದು ಮೈಸೂರು, ಸರಸ್ವತಿಪುರಂ, ನಮ್ಮನೆ ಮಹಡಿ. ಶ್ರಾವಣದ ಮೋಡ ಕಟ್ಟಿದೆ, ಅದಕ್ಕೇ ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆ ಇಟ್ಕೊಂಡಿದೀನಿ. ಹನಿ ಬಿದ್ರೆ ಮೊದಲು ಪುಸ್ತಕ ಮುಚ್ತೀನಿ, ಆಮೇಲೆ ಕ್ಯಾಮೆರಾ.

ನಾವು ಒಟ್ಟು ಹನ್ನೆರಡು ಜನ. ಯಾರ್ಯಾರು ಅಂತ ಮೊದಲು ಹೇಳ್ಬಿಡ್ತೀನಿ, ಯಾಕಂದ್ರೆ ಪುಸ್ತಕ ಆರಿಸೋದು ಅಲ್ಲಿಂದಾನೇ ಶುರು. ಮಂಡ್ಯ ಕಡೆ ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆಗಿರೋ ಮೇಷ್ಟ್ರು ಇದಾರೆ. ಗ್ಲಾಕೋಮಾದಿಂದ ಅಕ್ಷರ ಕಾಣಲ್ಲ, ಮಗಳು ಓದಿ ಹೇಳ್ತಾರೆ. ಬಟ್ಟೆ ಹೊಲಿಯೋ ಆಂಟಿ ಇದಾರೆ, ಅವರು ಓದೋದು ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ, ದಿನಕ್ಕೆ ಹತ್ತು ಪುಟ. ಇಂಜಿನಿಯರಿಂಗ್ ಓದೋ ಇಬ್ಬರು ಹುಡುಗರು, ಬ್ಯಾಂಕಲ್ಲಿರೋ ಅಕ್ಕ, ನಮ್ಮಮ್ಮ, ಹೀಗೆ. ಅರ್ಧ ಜನ ಇಂಗ್ಲಿಷ್ ಸಲೀಸಾಗಿ ಓದ್ತಾರೆ, ಇನ್ನರ್ಧ ಜನಕ್ಕೆ ಕನ್ನಡವೇ ಬೇಕು.

ಎರಡು ವರ್ಷದ ಹಿಂದೆ ಬಳಗ ಶುರುವಾದಾಗ ಮೊದಲ ಪುಸ್ತಕ ಆರಿಸಿದ್ದು ನಾನು. ಏಳುನೂರು ಪುಟ ದಾಟೋ ಒಂದು ಫ್ಯಾಂಟಸಿ ಕಾದಂಬರಿ, ದೊಡ್ಡ ಸರಣಿಯ ಮೊದಲ ಭಾಗ. ನನಗೆ ಪ್ರಾಣ ಆ ಪುಸ್ತಕ ಅಂದ್ರೆ. 'ಮೊದಲು ಸ್ವಲ್ಪ ನಿಧಾನ, ಇನ್ನೂರು ಪುಟ ದಾಟಿದ್ರೆ ಕೆಳಗಿಡೋಕೇ ಆಗಲ್ಲ' ಅಂತ ಎಲ್ಲರಿಗೂ ಹೇಳಿದ್ದೆ. ಮುಗಿಸಿ ಬಂದವರು ಇಬ್ಬರೇ. ಆವತ್ತು ಹೊಲಿಗೆ ಆಂಟಿ ಒಂದು ಹಳೇ ಕ್ಯಾಲೆಂಡರ್ ಹಾಳೆ ತಂದಿದ್ರು. ಅದರ ಹಿಂಬದಿಲಿ ಪೆನ್ಸಿಲ್ಲಲ್ಲಿ ಪಾತ್ರಗಳ ಹೆಸರು, ಯಾರು ಯಾರಿಗೆ ಏನಾಗ್ಬೇಕು ಅಂತ ಗೆರೆ ಎಳೆದು ಬರೆದಿದ್ರು. ನಲವತ್ತೊಂದು ಹೆಸರು. ಬರೆದು, ಅಳಿಸಿ, ಮತ್ತೆ ಬರೆದು ಹಾಳೆ ಸವೆದೇ ಹೋಗಿತ್ತು. 'ನಾನು ಬಿಟ್ಬಿಟ್ಟೆ ಕಣಮ್ಮ, ಹೆಸರೇ ತಲೇಲಿ ನಿಲ್ಲಲ್ಲ' ಅಂದ್ರು. ನನಗೆ ಆ ಹಾಳೆ ನೋಡಿ ತುಂಬಾ ಸಂಕಟ ಆಯ್ತು. ಅವರು ಅಷ್ಟು ಕಷ್ಟಪಟ್ಟಿದ್ರು. ನಾನು ಅವರನ್ನ ಮನಸ್ಸಲ್ಲಿಟ್ಕೊಂಡು ಆರಿಸಿರ್ಲಿಲ್ಲ.

ಅವತ್ತಿಂದ ನಾನು ಪುಸ್ತಕ ನೋಡೋ ರೀತಿನೇ ಬದಲಾಯ್ತು. ಒಬ್ಬರೇ ಕೂತು ಓದೋಕೆ ಒಳ್ಳೇದಾಗಿರೋ ಪುಸ್ತಕ ಬೇರೆ, ಹನ್ನೆರಡು ಜನ ಓದೋ ಪುಸ್ತಕ ಬೇರೆ. ಈಗ ಮೊದಲ ಇಪ್ಪತ್ತು ಪುಟ ಜೋರಾಗಿ ಓದ್ತೀನಿ, ಅಮ್ಮ ಅಡುಗೆಮನೇಲಿ ಕೇಳಿಸ್ಕೊಳ್ತಾರೆ. ಒಗ್ಗರಣೆ ಮಧ್ಯೆ ಅವರು 'ಯಾರೇ ಅವನು?' ಅಂತ ಎರಡು ಸಲಕ್ಕಿಂತ ಜಾಸ್ತಿ ಕೇಳಿದ್ರೆ ಆ ಪುಸ್ತಕ ಬಳಗಕ್ಕೆ ಬರಲ್ಲ. ಆಮೇಲೆ ಇನ್ನೊಂದು ಯೋಚ್ನೆ ಮಾಡ್ತೀನಿ: ಇದನ್ನ ಮುಗಿಸಿದ ಮೇಲೆ ನಮ್ಮಲ್ಲಿ ಎರಡು ಪಕ್ಷ ಆಗುತ್ತಾ? ಎಲ್ಲರೂ 'ಚೆನ್ನಾಗಿತ್ತು' ಅಂದು ಕಾಫಿ ಕುಡಿದು ಎದ್ದು ಹೋದ್ರೆ ನನಗೆ ಸಮಾಧಾನ ಇಲ್ಲ.

ಇದು ಗೊತ್ತಾಗಿದ್ದು 'ಕರ್ವಾಲೊ'ದಿಂದ. ಹೋದ ವರ್ಷ ಮೇಷ್ಟ್ರು ಕೇಳಿದ್ರು, 'ಗಗನನೌಕೆ, ಮಂತ್ರವಾದಿ, ಇದೆಲ್ಲಾ ಹುಡುಗರ ಓದಲ್ವೇನಮ್ಮಾ? ನಮ್ಮ ಕನ್ನಡದಲ್ಲಿ ಏನಿದೆ ಈ ಥರದ್ದು?' ಅಂತ. ನಾನು 1980ರಲ್ಲಿ ಬಂದ ತೇಜಸ್ವಿಯವರ ಆ ಕಾದಂಬರಿ ಮುಂದಿಟ್ಟೆ. ಅವರು ಅದನ್ನ ಎಷ್ಟೋ ಸಲ ಓದಿದ್ದವರು. 'ಇದು ಸೈನ್ಸ್ ಫಿಕ್ಷನ್ನಾ?' ಅಂತ ಆಶ್ಚರ್ಯಪಟ್ರು. ಆವತ್ತು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸೇರಿದ್ವಿ. ಎರಡು ಗಂಟೆ ವಾದ ಆಯ್ತು. ಹುಡುಗರು ಹೇಳಿದ್ರು, ಕಾದಂಬರೀಲಿ ಹುಡುಕ್ಕೊಂಡು ಹೋಗೋ ಹಾರುವ ಓತಿ ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ನಿಜವಾಗ್ಲೂ ಇದೆ, ಪಕ್ಕೆಲುಬಿನ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತೆ, ಇರೋದನ್ನ ಹುಡುಕಿದ್ರೆ ಸೈನ್ಸ್ ಫಿಕ್ಷನ್ ಹೇಗಾಗುತ್ತೆ ಅಂತ. ಬ್ಯಾಂಕಿನ ಅಕ್ಕ ಬಿಡ್ಲಿಲ್ಲ. ಜೇನು ಸೊಸೈಟಿಯಲ್ಲಿ ಶುರುವಾಗೋ ಕಥೆ ಕೊನೆಗೆ ಕಾಲದ ಅಂಚಿಗೇ ಹೋಗಿ ನಿಲ್ಲುತ್ತಲ್ಲ, ಒಬ್ಬ ವಿಜ್ಞಾನಿ ಮಂದಣ್ಣನಂಥ ಹಳ್ಳಿ ಹುಡುಗನ ಕಣ್ಣನ್ನ ನಂಬಿ ಕಾಡಿಗೆ ಹೋಗ್ತಾನಲ್ಲ, ಅದಕ್ಕಿಂತ ದೊಡ್ಡ ವಿಜ್ಞಾನದ ಕಥೆ ಯಾವುದು ಅಂದ್ರು. ಮೇಷ್ಟ್ರು ಕೊನೇ ಪುಟಗಳನ್ನ ಮತ್ತೊಮ್ಮೆ ಓದಿಸ್ಕೊಂಡ್ರು. ಕೆರೆ ಮೇಲೆ ಹೆಜ್ಜಾರ್ಲೆಗಳು ಇಳೀತಿದ್ವು. ಅವರು ರೆಕ್ಕೆ ಸದ್ದು ಬಂದ ಕಡೆ ಮುಖ ತಿರುಗಿಸಿ, ಓದು ನಿಂತ ಮೇಲೂ ತುಂಬಾ ಹೊತ್ತು ಹಾಗೇ ಕೂತಿದ್ರು.

ಸರಿ, ಈಗ ಚಾಪೆಗೆ ಬರೋಣ.

ಮೊದಲನೇದು 'ಯಾನ'. ಭೈರಪ್ಪನವರು ನಮ್ಮ ಮೈಸೂರಲ್ಲೇ ಬಾಳಿದವರು. 1931ರಲ್ಲಿ ಹುಟ್ಟಿದ ಅವರು ಈ ಪುಸ್ತಕ ತಂದಿದ್ದು 2014ರಲ್ಲಿ, ಅಂದ್ರೆ ಎಂಬತ್ತು ದಾಟಿದ ಮೇಲೆ. ಆ ವಯಸ್ಸಲ್ಲಿ ಸೌರಮಂಡಲ ಬಿಟ್ಟು ಹೋಗೋ ನೌಕೆ ಬಗ್ಗೆ ಬರೆಯೋಕೆ ಕೂತಿದ್ದು ನನಗೆ ಇವತ್ತಿಗೂ ಬೆರಗು. ಒಂದು ಗಂಡು, ಒಂದು ಹೆಣ್ಣು, ವಾಪಸ್ ಬರೋ ಮಾತಿಲ್ಲ, ಮಕ್ಕಳು ಹುಟ್ಟೋದೂ ಅಲ್ಲೇ. ಯಾಕೆ ವಾಪಸ್ ಬರಲ್ಲ ಅನ್ನೋದಕ್ಕೆ ನಮ್ಮ ಹುಡುಗ ಒಂದು ಲೆಕ್ಕ ಮಾಡಿ ಕಳಿಸಿದ್ದ. ಸೂರ್ಯನನ್ನ ಬಿಟ್ರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.2 ಜ್ಯೋತಿರ್ವರ್ಷ ದೂರ. 1977ರಲ್ಲಿ ಹೊರಟ ವಾಯೇಜರ್ 1 ಅನ್ನೋ ಗಗನನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಹೋಗ್ತಿದೆ. ಆ ವೇಗದಲ್ಲಿ ಅಷ್ಟು ದೂರ ಹೋಗೋಕೆ 70 ಸಾವಿರ ವರ್ಷಕ್ಕಿಂತ ಹೆಚ್ಚು ಬೇಕು. ಈ ಲೆಕ್ಕ ನೋಡಿದ ಮೇಲೆ ಕಾದಂಬರಿ ಬೇರೆ ಥರಾನೇ ಕಾಣ್ಸುತ್ತೆ. ಆ ಮಕ್ಕಳನ್ನ ಯಾರು ಕೇಳಿದ್ರು, ನಿಮಗೆ ಭೂಮಿ ಬೇಡ್ವಾ ಅಂತ? ಇಲ್ಲಿ ಎರಡು ಪಕ್ಷ ಆಗೋದು ಖಂಡಿತ.

ಎರಡನೇದು ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್'. ಸಿನಿಮಾದಿಂದ ಎಲ್ಲರ ಮನಸ್ಸಲ್ಲೂ ಕುತ್ತಿಗೆಗೆ ಬೋಲ್ಟ್ ಹೊಡೆದ ರಾಕ್ಷಸ ಕೂತ್ಬಿಟ್ಟಿದಾನೆ. ಪುಸ್ತಕದಲ್ಲಿ ಆ ಜೀವಕ್ಕೆ ಒಂದು ಹೆಸರೂ ಇಲ್ಲ. ಅದು ಎಷ್ಟು ಚೆನ್ನಾಗಿ ಮಾತಾಡುತ್ತೆ ಗೊತ್ತಾ? ಕೇಳೋದು ಒಂದೇ, ನನಗೊಂದು ಜೊತೆ ಕೊಡು ಅಂತ. ಈ ಕಥೆ ಹುಟ್ಟಿದ್ದರ ಹಿಂದೆ ಒಂದು ಜ್ವಾಲಾಮುಖಿ ಇದೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿದು, ಅದರ ಧೂಳು ಗಂಧಕ ಎಲ್ಲಾ ಆಕಾಶ ಸೇರಿ, ಮಾರನೇ ವರ್ಷ ಯುರೋಪಿಗೆ ಬೇಸಿಗೆನೇ ಬರ್ಲಿಲ್ಲ. 1816ರಲ್ಲಿ ಜಿನೀವಾ ಸರೋವರದ ಹತ್ತಿರ ಮಳೆಗೆ ಮನೆಯೊಳಗೇ ಉಳಿದ ಗೆಳೆಯರು ಒಬ್ಬೊಬ್ಬರೂ ಒಂದು ದೆವ್ವದ ಕಥೆ ಬರೆಯೋಣ ಅಂತ ಮಾತಾಡ್ಕೊಂಡ್ರು. ಮೇರಿಗೆ ಆಗ 18 ವರ್ಷ. 1818ರಲ್ಲಿ ಪುಸ್ತಕ ಬಂದಾಗ ಅದರ ಮೇಲೆ ಅವಳ ಹೆಸರೇ ಇರ್ಲಿಲ್ಲ.

ಇಂಗ್ಲಿಷ್ ಓದದವರು ಏನ್ಮಾಡೋದು ಅಂತ ನೀವು ಕೇಳ್ಬಹುದು. ಅದಕ್ಕೆ ದಾರಿ ತೋರಿಸಿದ್ದೂ ಮೇಷ್ಟ್ರೇ. 'ಗಮಕದಲ್ಲಿ ವಾಚನ ಒಬ್ಬರು, ವ್ಯಾಖ್ಯಾನ ಒಬ್ಬರು ಮಾಡಲ್ವೇ? ಕುಮಾರವ್ಯಾಸನನ್ನ ಊರವರೆಲ್ಲಾ ಕೇಳಿದ್ದು ಹಾಗೇ ತಾನೇ?' ಅಂದ್ರು. ಈಗ ಬುಧವಾರ ರಾತ್ರಿ ಎಂಟಕ್ಕೆ ನಮ್ಮನೆ ಹಾಲ್‌ನಲ್ಲಿ ಸೇರ್ತೀವಿ. ಹುಡುಗರು ಒಂದು ಪ್ಯಾರಾ ಇಂಗ್ಲಿಷಲ್ಲಿ ಓದ್ತಾರೆ, ಬ್ಯಾಂಕಿನ ಅಕ್ಕ ಅದನ್ನ ನಮ್ಮ ಮಾತಲ್ಲಿ ಬಿಡಿಸಿ ಹೇಳ್ತಾರೆ. ಫ್ರಾಂಕನ್‌ಸ್ಟೈನ್‌ನ ಒಂದು ಅಧ್ಯಾಯ ಹೀಗೆ ಓದಿ ನೋಡಿದ್ವಿ. ಅಮ್ಮ ತಕ್ಷಣ 'ಇದು ಭಸ್ಮಾಸುರನ ಕಥೆ' ಅಂದ್ರು. ಹೊಲಿಗೆ ಆಂಟಿ ಒಪ್ಪಲಿಲ್ಲ. 'ಭಸ್ಮಾಸುರ ಬೇಡಿ ವರ ತಗೊಂಡೋನು. ಇವನು ಏನು ಬೇಡಿದ್ದ ಪಾಪ, ಹುಟ್ಟಿಸು ಅಂತ ಕೇಳಿದ್ನಾ?' ಅಂದ್ರು. ನಾನು ಆ ಮಾತನ್ನ ನೋಟ್‌ಬುಕ್ಕಲ್ಲಿ ಬರ್ಕೊಂಡೆ.

ಮೂರನೇದು ಕಾದಂಬರಿ ಅಲ್ಲ, ಪಿನ್ ಹೊಡೆದ ಕೆಲವೇ ಹಾಳೆ. ರೊಕೆಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್'. ಬೇಗಂ ರೊಕೆಯಾ ಅಂತಾನೂ ಅವರನ್ನ ಕರೀತಾರೆ. ಇದನ್ನ ನಾನು ಅಕ್ಟೋಬರ್‌ಗೆ ಅಂತಾನೇ ಇಟ್ಟಿದೀನಿ. ದಸರಾದಲ್ಲಿ ಮೈಸೂರಿನ ಮನೆಗಳು ಹೇಗಿರುತ್ತೆ ಅಂತ ನಿಮಗೆ ಗೊತ್ತು. ನೆಂಟರು, ಗೊಂಬೆ ಕೂರಿಸೋದು, ದಿನಾ ಆರತಿ, ಜಂಬೂಸವಾರಿಗೆ ಬಂದವರಿಗೆಲ್ಲಾ ಊಟ ಹಾಸಿಗೆ. ಆ ತಿಂಗಳು ನಮ್ಮ ಬಳಗದ ಹೆಂಗಸರಿಗೆ ದಪ್ಪ ಪುಸ್ತಕ ಕೊಡೋದು ಅನ್ಯಾಯ. ಇದನ್ನ ಒಂದೇ ಮಧ್ಯಾಹ್ನ ಓದ್ಬಹುದು. ಬಂದಿದ್ದು 1905ರಲ್ಲಿ, ಮದ್ರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್'ನಲ್ಲಿ. ಹೆಂಗಸರೇ ನಡೆಸೋ ದೇಶ, ಗಂಡಸರು ಮನೆಯೊಳಗೆ. ಮೋಡದಿಂದ ನೀರು ಇಳಿಸ್ಕೊಳ್ತಾರೆ, ಬಿಸಿಲ ಶಾಖ ಹಿಡಿದು ಅಡುಗೆ ಮಾಡ್ತಾರೆ, ಅದೇ ಶಾಖದಿಂದ ಶತ್ರುಗಳನ್ನ ಓಡಿಸ್ತಾರೆ. ಅದೇ 1905ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿದೀಪ ಹತ್ತಿಸಿತ್ತು. ಕಾವೇರಿ ನೀರಿಂದ ದೀಪ ಉರಿಯೋದೇ ಜನಕ್ಕೆ ಹೊಸದಾಗಿದ್ದ ಕಾಲದಲ್ಲಿ, ಪರದೆಯೊಳಗೆ ಬೆಳೆದ ಒಬ್ಬ ಹೆಣ್ಣುಮಗಳು ಬಿಸಿಲಲ್ಲಿ ಅನ್ನ ಬೇಯಿಸೋ ಅಡುಗೆಮನೆ ಕಂಡಿದ್ಲು. ಹೊಗೆ ಇಲ್ಲದ ಅಡುಗೆಮನೆ. ಅದನ್ನ ಓದುವಾಗ ನಮ್ಮಜ್ಜಿ ಊದುಗೊಳವೆ ಹಿಡಿದು ಕೂರ್ತಿದ್ದಿದ್ದು ನೆನಪಾಗಿ ನನ್ನ ಗಂಟಲು ಕಟ್ತು.

ನಾಲ್ಕನೇದು, ಈ ನೀಲಿ ರಟ್ಟಿನದು, ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ', 1968ರದ್ದು. ಫ್ಯಾಂಟಸಿ ಅಂದ್ರೆ ಮೂಗು ಮುರಿಯೋರಿಗೆ ನಾನು ಕೊಡೋದು ಇದನ್ನೇ. ತೆಳ್ಳಗಿದೆ, ಹೆಸರುಗಳು ಕಮ್ಮಿ, ಜೋರಾಗಿ ಓದಿದ್ರೆ ಅಜ್ಜಿ ಕಥೆ ಥರಾನೇ ಕೇಳುತ್ತೆ. ಗೆಡ್ ಅಂತ ಆಡು ಕಾಯೋ ಹುಡುಗ, ಕಂದು ಮೈಬಣ್ಣದವನು. ಅಲ್ಲಿ ಪ್ರತಿಯೊಂದಕ್ಕೂ ಒಂದು ನಿಜವಾದ ಹೆಸರಿದೆ, ಅದು ಗೊತ್ತಾದವರ ಕೈಲಿ ಅದರ ಜುಟ್ಟು. ಅದಕ್ಕೇ ಯಾರೂ ತಮ್ಮ ನಿಜದ ಹೆಸರು ಸುಮ್ಮನೆ ಹೇಳಲ್ಲ. ಇದನ್ನ ನಮಗೆ ಯಾರಾದ್ರೂ ಬಿಡಿಸಿ ಹೇಳ್ಬೇಕಾ? ಅಜ್ಜಿ ಊರಲ್ಲಿ ದೀಪ ಹಚ್ಚಿದ ಮೇಲೆ ಹಾವು ಅನ್ನೋ ಹಾಗಿರ್ಲಿಲ್ಲ, 'ಹುಳ' ಅನ್ಬೇಕಿತ್ತು. ಅಜ್ಜಿ ಒಂದು ದಿನಾನೂ ತಾತನ ಹೆಸರು ಬಾಯಲ್ಲಿ ತರ್ಲಿಲ್ಲ, 'ನಿಮ್ಮ ತಾತ' ಅಂತಾನೇ ಕಳೆದುಬಿಟ್ರು. ರಾತ್ರಿ ಯಾರಾದ್ರೂ ಹೆಸರು ಹಿಡಿದು ಒಂದೇ ಸಲ ಕೂಗಿದ್ರೆ ಓಗೊಡಬೇಡ ಅಂತಿದ್ರು. ಬಾಗಿಲ ಮೇಲೆ 'ನಾಳೆ ಬಾ' ಅಂತ ಸುಣ್ಣದಲ್ಲಿ ಬರೆದಿದ್ದನ್ನ ನೋಡಿ ಬೆಳೆದವರು ನಮ್ಮ ಬಳಗದಲ್ಲೇ ಇದಾರೆ. ಅವರಿಗೆ ಈ ಪುಸ್ತಕ ಪರದೇಶದ್ದು ಅನ್ನಿಸೋದೇ ಇಲ್ಲ.

ಐದನೇದು ಲಿಯು ಸಿಶಿನ್ ಅವರ 'ದಿ ತ್ರೀ-ಬಾಡಿ ಪ್ರಾಬ್ಲಮ್'. ಚೀನೀ ಭಾಷೆಯದ್ದು, ಇಂಗ್ಲಿಷ್ ಅನುವಾದಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು, ಸೈನ್ಸ್ ಫಿಕ್ಷನ್, ಫ್ಯಾಂಟಸಿಗೆ ಕೊಡೋ ದೊಡ್ಡ ಪ್ರಶಸ್ತಿ ಅದು. ನನಗೆ ತುಂಬಾ ಇಷ್ಟ. ಆದ್ರೆ ಅಡುಗೆಮನೆ ಪರೀಕ್ಷೆಯಲ್ಲಿ ಅಮ್ಮ ನಾಲ್ಕು ಸಲ 'ಯಾರೇ ಅವನು' ಕೇಳಿದ್ರು. ಹುಡುಗರು ಹಟ ಹಿಡಿದಿದ್ದಕ್ಕೆ ಚಾಪೆ ಮೇಲೆ ಇದೆ.

ಈಗ ಸಾಯಂಕಾಲ ಐದೂವರೆ. ಒಬ್ಬೊಬ್ಬರಿಗೂ ಮೂರು ಹುಣಸೆ ಬೀಜ, ಇಷ್ಟ ಬಂದ ಮೂರು ಪುಸ್ತಕದ ಮುಂದಿರೋ ಬಟ್ಟಲಿಗೆ ಒಂದೊಂದು ಹಾಕ್ಬೇಕು. ಮೇಷ್ಟ್ರು ಪ್ರತಿ ಪುಸ್ತಕಾನೂ ಕೈಲಿ ಹಿಡಿದು, ತೂಕ ನೋಡಿ, ಯಾವುದು ಅಂತ ಕೇಳಿ ಹಾಕಿದ್ರು. ಎಣಿಸಿದ್ವಿ. ಸುಲ್ತಾನಾಸ್ ಡ್ರೀಮ್‌ಗೆ ಹನ್ನೆರಡೂ ಬಂತು. ಅರ್ತ್‌ಸೀಗೆ ಒಂಬತ್ತು. ತ್ರೀ-ಬಾಡಿಗೆ ಒಂದು. ಯಾನಕ್ಕೆ ಏಳು, ಫ್ರಾಂಕನ್‌ಸ್ಟೈನ್‌ಗೂ ಏಳು.

ಚೀಟಿ ಎತ್ತೋಣ ಅಂದ್ರು ಹುಡುಗರು. ಹೊಲಿಗೆ ಆಂಟಿ ಆ ಎರಡು ಬಟ್ಟಲನ್ನೂ ಹತ್ತಿರಕ್ಕೆ ಎಳ್ಕೊಂಡ್ರು. 'ಎರಡೂ ಒಂದೇ ಕೇಳ್ತಿದೆಯಲ್ಲಮ್ಮಾ. ಇಲ್ಲಿ ಆ ಮಕ್ಕಳು, ಅಲ್ಲಿ ಆ ಪ್ರಾಣಿ. ಕೇಳದೆ ಹುಟ್ಟಿಸಿದವರು ಆಮೇಲೆ ಜವಾಬ್ದಾರಿ ಹೊರ್ತಾರಾ ಇಲ್ವಾ ಅಂತ. ಒಂದಾದ ಮೇಲೆ ಒಂದು ಓದೋಣ' ಅಂದ್ರು. ನಾನು ಈ ಐದು ಪುಸ್ತಕ ಜೊತೆಗಿಟ್ಕೊಂಡು ಎರಡು ತಿಂಗಳು ಕಳೆದಿದೀನಿ, ನನಗೆ ಅದು ಹೊಳೆದೇ ಇರ್ಲಿಲ್ಲ.

ಅದಕ್ಕೇ ಸೆಪ್ಟೆಂಬರ್‌ಗೆ ಅರ್ತ್‌ಸೀ, ಅಕ್ಟೋಬರ್‌ಗೆ ಸುಲ್ತಾನಾಸ್ ಡ್ರೀಮ್, ನವೆಂಬರ್‌ಗೆ ಫ್ರಾಂಕನ್‌ಸ್ಟೈನ್, ಡಿಸೆಂಬರ್‌ಗೆ ಯಾನ. ಆಂಟಿ ಯಾನ ಈಗಲೇ ತಗೊಂಡು ಹೋದ್ರು. ದಿನಕ್ಕೆ ಹತ್ತು ಪುಟ ಅಂದ್ರೆ ಇವತ್ತೇ ಶುರು ಮಾಡ್ಬೇಕಂತೆ. ಬುಧವಾರ ಎಂಟು ಗಂಟೆಗೆ ಹಾಲ್‌ನಲ್ಲಿ ಅರ್ತ್‌ಸೀ ಮೊದಲ ಅಧ್ಯಾಯದ ವಾಚನ, ವ್ಯಾಖ್ಯಾನ ಈ ಸಲ ಮೇಷ್ಟ್ರದ್ದು.